ಆಲ್ಬಂ ಹೇಗಿದೆ ಅಂತ ಹೇಳುವುದು ಹೇಗೆ?

ಕೇಳಿದ ಆಲ್ಬಂಗಳ ಬಗ್ಗೆ ಬರೆದಿಡಲು ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಅದರ ಮೊದಲ ವರ್ಷದ ಪುಟಗಳನ್ನು ಈಚೆಗೆ ತೆಗೆದು ನೋಡಿದೆ. ‘ಚೆನ್ನಾಗಿದೆ.’ ‘ಪರವಾಗಿಲ್ಲ.’ ‘ಗಿಟಾರ್ ಸೂಪರ್.’ ‘ಅಷ್ಟಕ್ಕಷ್ಟೇ.’ ಮೂವತ್ತು ನಲವತ್ತು ಆಲ್ಬಂಗಳ ಮುಂದೆ ಇಂಥವೇ ಮಾತುಗಳು. ಓದುತ್ತಾ ಹೋದೆ, ಒಂದೂ ಆಲ್ಬಂ ನೆನಪಿಗೆ ಬರಲಿಲ್ಲ. ಒಂದು ಪುಟದಲ್ಲಿ ಮಾತ್ರ ಹೀಗಿತ್ತು: ‘ಮೂರನೇ ಹಾಡಿನ ಕೊನೆಗೆ ಡ್ರಮ್ಸ್ ನಿಂತುಬಿಡುತ್ತೆ. ಹಾಡುವವಳು ನಿಲ್ಲಿಸಲ್ಲ. ಪಾತ್ರೆ ತೊಳೆಯುತ್ತಿದ್ದವನು ನಲ್ಲಿ ಬಂದ್ ಮಾಡಿ ನಿಂತೆ.’ ಇಷ್ಟು ಓದಿದ್ದೇ ತಡ, ಆ ದನಿ, ಆ ಸಂಜೆ, ಒದ್ದೆ ಕೈ ಎಲ್ಲವೂ ವಾಪಸ್ ಬಂದವು.

ಅಂದಿನಿಂದ ನಾನು ಬರೆಯುವ ರೀತಿ ಬದಲಾಯಿತು. ಈ ಆಲ್ಬಂ ಏನು ಮಾಡಲು ಹೊರಟಿದೆ ಅನ್ನುವುದನ್ನು ಮೊದಲು ಕಿವಿಗೊಟ್ಟು ಕೇಳುತ್ತೇನೆ. ಅದು ನನ್ನನ್ನು ಎಲ್ಲಿ ಮುಟ್ಟಿತು, ಎಲ್ಲಿ ಮುಟ್ಟಲಿಲ್ಲ ಅಂತ ಆಮೇಲೆ ಬರೆಯುತ್ತೇನೆ. ಜಾಝ್ ಇರಲಿ, ಮೆಟಲ್ ಇರಲಿ, ರಾಗ ಸಂಗೀತ ಇರಲಿ, ಈ ಕ್ರಮ ಕೆಲಸಕ್ಕೆ ಬರುತ್ತದೆ. ಸಂಗೀತ ಕಲಿತಿರಬೇಕು ಅಂತೇನೂ ಇಲ್ಲ. ಒಂದು ನೋಟ್‌ಬುಕ್, ಒಂದು ಪೆನ್ನು, ನಲವತ್ತು ನಿಮಿಷ ಬಿಡುವು ಇದ್ದರೆ ಆಯಿತು.

ಹೆಜ್ಜೆ 1: ಆಲ್ಬಂ ಎಲ್ಲಿ ಶುರು, ಎಲ್ಲಿ ಮುಕ್ತಾಯ ಅಂತ ನೋಡಿಕೊಳ್ಳಿ

‘ಆಲ್ಬಂ’ ಅನ್ನುವ ಹೆಸರು ಫೋಟೊ ಆಲ್ಬಂ ನೋಡಿ ಬಂದದ್ದು. ನಿಮಿಷಕ್ಕೆ 78 ಸುತ್ತು ಸುತ್ತುವ ಹಳೆಯ ತಟ್ಟೆಗಳಲ್ಲಿ ಒಂದು ಬದಿಗೆ ಮೂರು ನಾಲ್ಕು ನಿಮಿಷದ ಸಂಗೀತ ಹಿಡಿಸುತ್ತಿತ್ತು. ದೊಡ್ಡ ಕೃತಿಗೆ ಹಲವು ತಟ್ಟೆ ಬೇಕು. ಅವನ್ನು ಪುಸ್ತಕದ ಹಾಗೆ ಕಟ್ಟಿದ ಲಕೋಟೆಗಳಲ್ಲಿ ಇಟ್ಟು ಮಾರುತ್ತಿದ್ದರು. 1948ರಲ್ಲಿ ಕೊಲಂಬಿಯಾ ಕಂಪನಿ 33⅓ ಸುತ್ತಿನ ಎಲ್‌ಪಿ (ಲಾಂಗ್ ಪ್ಲೇ) ತಟ್ಟೆ ತಂದಿತು. ಒಂದು ಬದಿಗೆ ಇಪ್ಪತ್ತು ನಿಮಿಷದ ಆಸುಪಾಸು ಜಾಗ ಸಿಕ್ಕಿತು. ಆಮೇಲೆ ಬಹಳ ವರ್ಷ ಸಂಗೀತಗಾರರು ಎರಡು ಬದಿ, ನಲವತ್ತು ನಿಮಿಷ ಅನ್ನುವ ಅಳತೆಯಲ್ಲೇ ಯೋಚಿಸಿದರು. 1982ರಲ್ಲಿ ಸಿಡಿ ಬಂತು, 74 ನಿಮಿಷ ಕೊಟ್ಟಿತು. ‘ಬದಿ’ ಅನ್ನುವುದೇ ಇಲ್ಲವಾಯಿತು.

ಇದು ಗೊತ್ತಿದ್ದರೆ ಕೇಳುವ ರೀತಿಯೇ ಬೇರೆಯಾಗುತ್ತದೆ. ಬೀಟಲ್ಸ್ ತಂಡದ 1969ರ ‘ಆ್ಯಬಿ ರೋಡ್’ ತೆಗೆದುಕೊಳ್ಳಿ. ಮೊದಲ ಬದಿಯ ಕೊನೆಯ ಹಾಡು ಏಳು ನಿಮಿಷಕ್ಕೂ ಜಾಸ್ತಿ ಇದೆ. ಅದರ ಕೊನೆಯ ಭಾಗದಲ್ಲಿ ಒಂದೇ ಗಿಟಾರ್ ಸುತ್ತು ಮತ್ತೆ ಮತ್ತೆ ಬರುತ್ತದೆ, ಬಿರುಗಾಳಿಯಂಥ ಸದ್ದು ಏರುತ್ತಾ ಹೋಗುತ್ತದೆ. ಇನ್ನೇನು ಆಗುತ್ತದೋ ಅನ್ನುವಾಗ ಕತ್ತರಿ ಹಾಕಿದ ಹಾಗೆ ನಿಂತುಬಿಡುತ್ತದೆ. ಎಲ್‌ಪಿಯಲ್ಲಿ ಅಲ್ಲಿ ಮೌನ. ಎದ್ದು ಹೋಗಿ ತಟ್ಟೆ ತಿರುವಿ ಹಾಕಬೇಕು. ಆಮೇಲೆ ತಿಳಿಯಾದ ಗಿಟಾರ್ ಜೊತೆ ಬಿಸಿಲು ಬಂತು ಅನ್ನುವ ಹಾಡು. ಆ್ಯಪ್‌ನಲ್ಲಿ ಕೇಳಿದರೆ ಈ ಎರಡರ ನಡುವೆ ಉಸಿರಾಡಲೂ ಬಿಡುವಿಲ್ಲ. ನಾನು ಅಲ್ಲಿ ಬೇಕೆಂದೇ ಪಾಜ್ ಒತ್ತಿ ಅರ್ಧ ನಿಮಿಷ ಸುಮ್ನೆ ಕೂರುತ್ತೇನೆ. ಒಮ್ಮೆ ಮಾಡಿ ನೋಡಿ, ಆ ಬಿಸಿಲು ಎಷ್ಟು ಬೆಚ್ಚಗಿರುತ್ತದೆ ಅಂತ.

ಹಾಗಾಗಿ ಕೇಳಲು ಕೂರುವ ಮುಂಚೆ ಹಾಡುಗಳ ಕ್ರಮ ಕಲಸುವ ಷಫಲ್ ಆಫ್ ಮಾಡಿ. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಸೇರಿಸುವ ಕ್ರಾಸ್‌ಫೇಡ್ ಇದ್ದರೆ ಅದನ್ನೂ ತೆಗೆಯಿರಿ. ಆಲ್ಬಂ ಮುಗಿದ ಮೇಲೆ ತಾನೇ ಬೇರೆ ಹಾಡು ಹಾಕುವ ಆಟೋಪ್ಲೇ ಬೇಡವೇ ಬೇಡ. ಕೊನೆಯ ಹಾಡಿನ ನಂತರದ ಮೌನವೂ ಆಲ್ಬಂನ ಪಾಲೇ.

ಇನ್ನೊಂದು ವಿಷಯ ಬಹಳ ಜನ ಗಮನಿಸುವುದಿಲ್ಲ. ಆ್ಯಪ್‌ಗಳಲ್ಲಿ ಸಿಗುವುದು ಎಷ್ಟೋ ಸಲ ‘ಡಿಲಕ್ಸ್’ ಆವೃತ್ತಿ. ಮೂಲ ಹಾಡುಗಳ ಹಿಂದೆ ಬೇರೆ ಟೇಕ್ (ಅದನ್ನೇ ಇನ್ನೊಮ್ಮೆ ನುಡಿಸಿ ರೆಕಾರ್ಡ್ ಮಾಡಿದ್ದು), ಲೈವ್, ರೀಮಿಕ್ಸ್ ಅಂತ ಬಾಲ ಬೆಳೆದಿರುತ್ತದೆ. ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1959ರ ‘ಕೈಂಡ್ ಆಫ್ ಬ್ಲೂ’ನಲ್ಲಿ ಇರುವುದು ಐದೇ ಟ್ರ್ಯಾಕ್. ಐದನೆಯದು ಮುಗಿಯುವಾಗ ಎಲ್ಲಾ ಹೇಳಿ ಮುಗಿಸಿದ ಭಾವ ಬರುತ್ತದೆ. ಅದರ ಬೆನ್ನಿಗೇ ಅದೇ ಟ್ರ್ಯಾಕ್‌ನ ಇನ್ನೊಂದು ಟೇಕ್ ಶುರುವಾದರೆ ಆ ಭಾವ ಅಲ್ಲೇ ಸತ್ತಿತು. ಮೂಲದಲ್ಲಿ ಎಷ್ಟು ಟ್ರ್ಯಾಕ್ ಅಂತ ನೋಡಿಕೊಂಡು ಅಲ್ಲಿಗೇ ನಿಲ್ಲಿಸಿ.

ಹೆಜ್ಜೆ 2: ಎರಡೂ ಕಿವಿಗೆ ಕೇಳುತ್ತಿದೆಯಾ?

ನಾನು ಕಷ್ಟಪಟ್ಟು ಕಲಿತ ಪಾಠ ಇದು. ‘ಕೈಂಡ್ ಆಫ್ ಬ್ಲೂ’ ಬಗ್ಗೆ ನನ್ನ ಮೊದಲ ಬರಹದಲ್ಲಿ ಹೀಗಿದೆ: ‘ಒಂದು ಸ್ಯಾಕ್ಸೋಫೋನ್ ಪಕ್ಕದ ಕೋಣೆಯಿಂದ ಕೇಳಿದ ಹಾಗಿದೆ, ಯಾಕೆ ಹೀಗೆ ರೆಕಾರ್ಡ್ ಮಾಡಿದರೋ.’ ತಿಂಗಳುಗಟ್ಟಲೆ ಹಾಗೇ ನಂಬಿದ್ದೆ. ಒಂದು ದಿನ ಗೆಳೆಯನ ಹೆಡ್‌ಫೋನ್‌ನಲ್ಲಿ ಅದನ್ನೇ ಕೇಳಿದೆ. ಆ ಸ್ಯಾಕ್ಸೋಫೋನ್ ಕಿವಿಯ ಪಕ್ಕದಲ್ಲೇ ನಿಂತು ಊದುತ್ತಿತ್ತು! ನನ್ನ ಹೆಡ್‌ಫೋನ್‌ನ ಒಂದು ಬದಿಯ ವೈರು ಯಾವಾಗಲೋ ಒಳಗೇ ಅರ್ಧ ತುಂಡಾಗಿತ್ತು. ಆ ಆಲ್ಬಂನ ಸ್ಟೀರಿಯೋದಲ್ಲಿ ಸ್ಯಾಕ್ಸೋಫೋನ್ ನುಡಿಸುವ ಇಬ್ಬರಲ್ಲಿ ಜಾನ್ ಕಾಲ್ಟ್ರೇನ್ ಒಂದು ಬದಿ, ಕ್ಯಾನನ್‌ಬಾಲ್ ಆ್ಯಡರ್ಲಿ ಇನ್ನೊಂದು ಬದಿ. ಹಾಗಾಗಿ ಒಬ್ಬರು ನನಗೆ ಸರಿಯಾಗಿ ಸಿಕ್ಕಿರಲೇ ಇಲ್ಲ.

ಈಗ ಯಾವ ಆಲ್ಬಂಗೂ ಮುಂಚೆ ಚೆನ್ನಾಗಿ ಗೊತ್ತಿರುವ ಒಂದು ಹಾಡು ಹಾಕಿ ಎಡ, ಬಲ ಎರಡೂ ಬದಿ ಪರೀಕ್ಷೆ ಮಾಡುತ್ತೇನೆ. ಒಂದು ನಿಮಿಷದ ಕೆಲಸ.

ವಾಲ್ಯೂಮ್ ಬಗ್ಗೆಯೂ ಒಂದು ಮಾತು. ಜೋರಾಗಿದ್ದದ್ದು ನಮ್ಮ ಕಿವಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಎರಡು ಆಲ್ಬಂ ಹೋಲಿಸುವಾಗ ಎರಡನ್ನೂ ಒಂದೇ ಮಟ್ಟಕ್ಕೆ ತಂದುಕೊಳ್ಳದಿದ್ದರೆ ಹೋಲಿಕೆ ಸುಳ್ಳಾಗುತ್ತದೆ. ಕೆಲವು ಆಲ್ಬಂಗಳನ್ನು ತಯಾರಿಸುವಾಗಲೇ ಮೆಲ್ಲಗಿನ ಭಾಗ, ಜೋರಿನ ಭಾಗ ಎರಡನ್ನೂ ಒತ್ತಿ ಒಂದೇ ಎತ್ತರಕ್ಕೆ ತಂದಿರುತ್ತಾರೆ. ಮೆಟಾಲಿಕಾ ತಂಡದ 2008ರ ‘ಡೆತ್ ಮ್ಯಾಗ್ನೆಟಿಕ್’ ಬಂದಾಗ ಅಭಿಮಾನಿಗಳೇ ಇದರ ಬಗ್ಗೆ ದೂರಿದರು. ಅದೇ ಹಾಡುಗಳು ಗಿಟಾರ್ ಹೀರೋ ಅನ್ನುವ ವಿಡಿಯೋ ಗೇಮ್‌ನಲ್ಲಿ ಇನ್ನೂ ಬಿಡಿಬಿಡಿಯಾಗಿ ಕೇಳುತ್ತಿದ್ದವು. ಆಲ್ಬಂ ಕೇಳಿ ತಲೆ ಭಾರವಾದರೆ ಹಾಡು ಕೆಟ್ಟದ್ದು ಅಂತ ಬರೆದುಬಿಡಬೇಡಿ. ಭಾರವಾದದ್ದು ಹಾಡಿನಿಂದಲಾ, ಒತ್ತಿಟ್ಟ ಶಬ್ದದಿಂದಲಾ ಅಂತ ಕೇಳಿಕೊಳ್ಳಿ.

ಹೆಜ್ಜೆ 3: ಮೊದಲ ಸಲ ಪೆನ್ನು ಮುಟ್ಟಬೇಡಿ

ಮೊದಲ ಸಲ ಸುಮ್ನೆ ಕೇಳಿ. ವಿಮರ್ಶೆ ಓದಬೇಡಿ. ಹಾಡುಗಳ ಹೆಸರೂ ನೋಡಬೇಕಿಲ್ಲ. ಮುಗಿದ ಮೇಲೆ ಮೂರೇ ಸಾಲು ಬರೆಯಿರಿ: ಏನು ನೆನಪಿದೆ, ಎಲ್ಲಿ ಮನಸ್ಸು ಬೇರೆಡೆ ಹೋಯಿತು, ಮತ್ತೆ ಕೇಳಬೇಕು ಅನ್ನಿಸಿತಾ.

ಎರಡನೇ ಸಲ ಪೆನ್ನು ಹಿಡಿಯಿರಿ. ಏನಾದರೂ ಬದಲಾದಾಗ ಸಮಯ ಗುರುತು ಹಾಕಿಕೊಳ್ಳಿ. ‘ಇಲ್ಲಿ ಬೇಸ್ ಬಂತು’, ‘ಇಲ್ಲಿ ಒಬ್ಬಳೇ ಇದ್ದವಳ ಜೊತೆ ನಾಲ್ಕು ದನಿ ಸೇರಿತು’. ಹೀಗೆ. ವಾದ್ಯದ ಹೆಸರು ಗೊತ್ತಿಲ್ಲದಿದ್ದರೆ ‘ಮರದ ಡಬ್ಬಿ ತಟ್ಟಿದ ಹಾಗೆ’ ಅಂತ ಬರೆದರೂ ಸಾಕು. ಎಷ್ಟೋ ಸಲ ಅಂಥ ಮಾತೇ ಚೆನ್ನಾಗಿ ನೆನಪಲ್ಲಿ ಉಳಿಯುತ್ತದೆ.

ಮೂರನೇ ಸಲ ಬೇರೆ ದಿನ ಕೇಳಿ, ಬೇರೆ ಹೊತ್ತಿನಲ್ಲಿ. ಮೂರು ಸಲ ಕೇಳದೆ ನಾನು ಯಾವ ಆಲ್ಬಂನನ್ನೂ ಚೆನ್ನಾಗಿಲ್ಲ ಅನ್ನುವುದಿಲ್ಲ.

ಹೆಜ್ಜೆ 4: ಪ್ರಕಾರಕ್ಕೆ ತಕ್ಕ ಪ್ರಶ್ನೆ ಕೇಳಿ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುವುದು ಈ ಹೆಜ್ಜೆಗೆ. ರಾಕ್ ಹಾಡಿಗೆ ಕೇಳುವ ಪ್ರಶ್ನೆಯನ್ನೇ ಎಲ್ಲಾ ಸಂಗೀತಕ್ಕೂ ಕೇಳಿದರೆ ಮುಕ್ಕಾಲು ಭಾಗ ಆಲ್ಬಂಗಳು ಫೇಲ್ ಆಗುತ್ತವೆ. ತಪ್ಪು ಆಲ್ಬಂಗಳದ್ದಲ್ಲ.

ಜಾಝ್ ಕೇಳುವಾಗ ‘ರಾಗ ಚೆನ್ನಾಗಿದೆಯಾ’ ಅನ್ನುವುದಕ್ಕಿಂತ ‘ಯಾರು ಯಾರ ಮಾತು ಕೇಳಿಸಿಕೊಳ್ಳುತ್ತಿದ್ದಾರೆ’ ಅನ್ನುವ ಪ್ರಶ್ನೆ ದಾರಿ ತೋರಿಸುತ್ತದೆ. ‘ಕೈಂಡ್ ಆಫ್ ಬ್ಲೂ’ದ ಮೊದಲ ಟ್ರ್ಯಾಕ್‌ನಲ್ಲಿ ಮುಖ್ಯ ಮಾತು ಆಡುವುದು ಬೇಸ್. ಉಳಿದ ವಾದ್ಯಗಳು ಎರಡೇ ಸ್ವರದಲ್ಲಿ ‘ಹೂಂ, ಹೌದಾ’ ಅಂದ ಹಾಗೆ ಉತ್ತರ ಕೊಡುತ್ತವೆ. ಅದರ ಕಟ್ಟು ಬಹಳ ಸರಳ. ಹದಿನಾರು ಅಳತೆ (ಬಾರ್, ಅಂದರೆ ತಾಳದ ಒಂದೊಂದು ಸುತ್ತು) ಒಂದೇ ಸ್ವರಗಳ ಗುಂಪಿನಲ್ಲಿ ಇರುತ್ತಾರೆ. ಎಂಟು ಅಳತೆಗೆ ಅದೇ ಗುಂಪು ಅರ್ಧ ಸ್ವರ ಮೇಲೇರುತ್ತದೆ. ಮತ್ತೆ ಎಂಟು ಅಳತೆಗೆ ಕೆಳಗಿಳಿಯುತ್ತದೆ. ಒಂದು ರಾಗ ಹಿಡಿದು ಬೆಳೆಸುವುದನ್ನು ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದಿಲ್ಲ. ಆ ಏರುವ ಜಾಗವನ್ನು ಕಾದು ಹಿಡಿಯಿರಿ. ಒಮ್ಮೆ ಕಿವಿಗೆ ಸಿಕ್ಕಿದರೆ ಪ್ರತಿ ಸುತ್ತಿನಲ್ಲೂ ಅದು ಕೋಣೆಯ ದೀಪ ಸ್ವಲ್ಪ ಜಾಸ್ತಿ ಮಾಡಿದ ಹಾಗೆ ಕೇಳುತ್ತದೆ. ನನ್ನ ಅಭಿಪ್ರಾಯ ಹೇಳುತ್ತೇನೆ: ಈ ಆಲ್ಬಂನಲ್ಲಿ ನನಗೆ ಅತಿ ಇಷ್ಟವಾದದ್ದು ಡೇವಿಸ್ ಊದದೆ ಬಿಟ್ಟ ಜಾಗ. ಒಂದು ಮಾತು ಹೇಳಿ ನಿಲ್ಲಿಸುತ್ತಾರೆ. ಮುಂದಿನದ್ದನ್ನು ಹೇಳುವ ಅವಸರ ಅವರಿಗಿಲ್ಲ.

ಆಂಬಿಯೆಂಟ್ ಸಂಗೀತಕ್ಕೆ ಬನ್ನಿ. ಬ್ರಯನ್ ಈನೋ ಅವರ ‘ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್’ 1978ರದ್ದು. ನಾಲ್ಕೇ ತುಣುಕು, ಮೊದಲನೆಯದೇ 16 ನಿಮಿಷಕ್ಕೂ ಜಾಸ್ತಿ. ಎರಡನೆಯದರಲ್ಲಿ ಬರೀ ಹಾಡುವ ದನಿಗಳು. ಒಂದೊಂದು ಸ್ವರವನ್ನು ಒಂದೊಂದು ಉದ್ದದ ಟೇಪ್ ಸುತ್ತಿಗೆ ಹಾಕಿದ್ದಾರೆ. ಸುತ್ತುಗಳ ಉದ್ದ ಬೇರೆ ಬೇರೆ. ಹಾಗಾಗಿ ಸ್ವರಗಳು ಒಮ್ಮೆ ಜೊತೆಗೂಡುತ್ತವೆ, ಒಮ್ಮೆ ದೂರ ಹೋಗುತ್ತವೆ. ಇದರಲ್ಲಿ ಪಲ್ಲವಿ ಎಲ್ಲಿ, ಚರಣ ಎಲ್ಲಿ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಗಮನ ಕೊಟ್ಟರೂ ಸರಿ, ಕೊಡದಿದ್ದರೂ ಸರಿ ಅನ್ನುವ ಸಂಗೀತ ಬೇಕು ಅಂತ ಹೊರಟವರು ಅವರು. ಹಾಗಿದ್ದರೆ ಪರೀಕ್ಷೆಯೂ ಹಾಗೇ ಇರಬೇಕು, ಅಲ್ವಾ? ಬಟ್ಟೆ ಮಡಚುತ್ತಾ, ಪತ್ರ ಬರೆಯುತ್ತಾ ಮೆಲ್ಲಗೆ ಹಾಕಿಡಿ. ಹದಿನೈದು ನಿಮಿಷ ಆದ ಮೇಲೆ ತಟ್ಟನೆ ಆಫ್ ಮಾಡಿ. ಕೋಣೆಯಿಂದ ಏನೋ ಹೊರಟುಹೋಯಿತು ಅನ್ನಿಸಿದರೆ ಆ ಆಲ್ಬಂ ತನ್ನ ಕೆಲಸ ಮಾಡುತ್ತಿತ್ತು ಅಂತ ಅರ್ಥ. ನನಗೆ ಪ್ರತಿ ಸಲವೂ ಹಾಗೇ ಅನ್ನಿಸಿದೆ.

ಹಿಪ್-ಹಾಪ್‌ಗೆ ಸಾಹಿತ್ಯವನ್ನು ಕಣ್ಣ ಮುಂದೆ ಇಟ್ಟುಕೊಳ್ಳದೆ ಅಭಿಪ್ರಾಯ ಬರೆಯಬೇಡಿ. ಎರಡನೇ ಸಲ ಕೇಳುವಾಗ ಓದುತ್ತಾ ಕೇಳಿ. ಕೆಂಡ್ರಿಕ್ ಲಮಾರ್ ಅವರ 2015ರ ‘ಟು ಪಿಂಪ್ ಎ ಬಟರ್‌ಫ್ಲೈ’ನಲ್ಲಿ ಒಂದು ಕವಿತೆ ಹಾಡುಗಳ ನಡುವೆ ತುಂಡು ತುಂಡಾಗಿ ಬರುತ್ತದೆ. ಪ್ರತಿ ಸಲ ಹಿಂದಿನ ಸಾಲುಗಳಿಗೆ ಇನ್ನಷ್ಟು ಸಾಲು ಸೇರುತ್ತವೆ. ಕೊನೆಯ ಟ್ರ್ಯಾಕ್‌ನಲ್ಲಿ ಪೂರ್ತಿ ಕೇಳುತ್ತದೆ. ಆಗಲೇ ಅದನ್ನು ಯಾರಿಗೆ ಓದಿ ಹೇಳುತ್ತಿದ್ದ ಅಂತ ಗೊತ್ತಾಗುವುದು. ಷಫಲ್‌ನಲ್ಲಿ ಕೇಳಿದವರಿಗೆ ಇದು ಸಿಗುವ ಮಾತೇ ಇಲ್ಲ. ಆದರೂ 79 ನಿಮಿಷದ ಹತ್ತಿರ ಇರುವ ಈ ಆಲ್ಬಂ ಒಂದೇ ಸಲಕ್ಕೆ ಕೂತು ಕೇಳಿದರೆ ನನಗೆ ದಣಿವು ತರುತ್ತದೆ. ಎರಡು ಸಲ ಕೂತು ಕೇಳುತ್ತೇನೆ, ಹಾಗಂತ ನೋಟ್‌ಬುಕ್‌ನಲ್ಲಿ ಬರೆದೂ ಇದ್ದೇನೆ. ಅದರ ಪಕ್ಕದಲ್ಲಿ ರ‍್ಯಾಪ್ ಹಾಡುವ ನ್ಯಾಸ್ ಅವರ 1994ರ ‘ಇಲ್‌ಮ್ಯಾಟಿಕ್’ ಇಡಿ. ಹತ್ತು ಟ್ರ್ಯಾಕ್, ನಲವತ್ತು ನಿಮಿಷದ ಒಳಗೇ ಮುಗಿಯುತ್ತದೆ. ಆಗ ನ್ಯಾಸ್‌ಗೆ ಇಪ್ಪತ್ತು ವರ್ಷ. ಒಂದು ಸಾಲನ್ನೂ ತೆಗೆಯಬೇಕು ಅನ್ನಿಸಿಲ್ಲ.

ಮೆಟಲ್ ಅಂದರೆ ಬರೀ ಗಲಾಟೆ ಅನ್ನುವವರಿಗೆ ನಾನು ಬ್ಲ್ಯಾಕ್ ಸಬ್ಬಾತ್ ತಂಡದ 1970ರ ಮೊದಲ ಆಲ್ಬಂ ಹಾಕಿ ಕೊಡುತ್ತೇನೆ. ಮಳೆ, ದೂರದ ಗಂಟೆ, ಆಮೇಲೆ ನಿಧಾನಕ್ಕೆ ಮೂರೇ ಸ್ವರದ ಗಿಟಾರ್. ಎಷ್ಟು ಜಾಗ ಖಾಲಿ ಬಿಟ್ಟಿದ್ದಾರೆ ನೋಡಿ. ಹೆಚ್ಚುಕಡಿಮೆ ಒಂದೇ ದಿನದಲ್ಲಿ, ವೇದಿಕೆಯಲ್ಲಿ ನುಡಿಸುವ ಹಾಗೇ ನುಡಿಸಿ ರೆಕಾರ್ಡ್ ಮಾಡಿದ ಆಲ್ಬಂ ಅದು. ಮೆಟಲ್‌ಗೆ ಕೇಳಬೇಕಾದ ಪ್ರಶ್ನೆ ‘ಭಾರ ಎಲ್ಲಿಂದ ಬರುತ್ತಿದೆ’. ಗಿಟಾರ್‌ನ ತಗ್ಗಿದ ಶ್ರುತಿಯಿಂದಲಾ, ಡ್ರಮ್ಸ್‌ನ ವೇಗದಿಂದಲಾ, ಬೇಸ್‌ನಿಂದಲಾ? ಮೆಟಾಲಿಕಾದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ನಲ್ಲಿ ಬೇಸ್ ಕೇಳುವುದೇ ಇಲ್ಲ ಅನ್ನುವಷ್ಟು ಕಡಿಮೆ. ಹಾಡುಗಳ ಕಟ್ಟಡ ನನಗೆ ತುಂಬಾ ಇಷ್ಟ. ಶಬ್ದ ಮಾತ್ರ ಒಣಗಿದ ಕಟ್ಟಿಗೆಯ ಹಾಗಿದೆ. ಈ ಎರಡನ್ನೂ ಬೇರೆ ಬೇರೆ ಬರೆದಿಟ್ಟಿದ್ದೇನೆ.

ರಾಗ ಸಂಗೀತದ ಆಲ್ಬಂಗಳಲ್ಲಿ 1967ರ ‘ಕಾಲ್ ಆಫ್ ದಿ ವ್ಯಾಲಿ’ ಬೇರೆಯೇ ಬಗೆಯದ್ದು. ಶಿವಕುಮಾರ ಶರ್ಮಾ ಅವರ ಸಂತೂರ್, ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಣಿವೆಯ ಕುರುಬನೊಬ್ಬನ ಒಂದು ದಿನವನ್ನು ಬೆಳಗಿನಿಂದ ರಾತ್ರಿವರೆಗೆ ಆಯಾ ಹೊತ್ತಿನ ರಾಗಗಳಲ್ಲಿ ಹೇಳುತ್ತಾರೆ. ಶುರುವಾಗುವುದು ಅಹಿರ್ ಭೈರವ್‌ನಲ್ಲಿ. ಒಂದು ರಾಗವನ್ನು ಗಂಟೆಗಟ್ಟಲೆ ಬೆಳೆಸುವ ಕಛೇರಿ ಕೇಳಿದವರಿಗೆ ಇದು ಅರ್ಧಕ್ಕೇ ಎದ್ದು ಹೋದ ಹಾಗೆ ಅನ್ನಿಸಬಹುದು. ಮೊದಲು ನನಗೂ ಹಾಗೇ ಅನ್ನಿಸಿತು. ಕಥೆ ಅಂದುಕೊಂಡು ಕೇಳಿದಾಗ ಎಲ್ಲವೂ ಸರಿಯಾದ ಅಳತೆಯಲ್ಲಿದೆ ಅನ್ನಿಸಿತು. ಸೂರ್ಯ ಒಂದು ಜಾಗದಲ್ಲಿ ಎಷ್ಟು ಹೊತ್ತು ನಿಲ್ಲುತ್ತಾನೆ?

ಸೋಲ್ ಸಂಗೀತಕ್ಕೆ ಒಂದೇ ಸೂಚನೆ: ಹಾಡುಗಳ ನಡುವಿನ ಹೊಲಿಗೆ ನೋಡಿ. ಮಾರ್ವಿನ್ ಗೇ ಅವರ 1971ರ ‘ವಾಟ್ಸ್ ಗೋಯಿಂಗ್ ಆನ್’ನಲ್ಲಿ ಹಾಡುಗಳು ಒಂದಕ್ಕೊಂದು ಕರಗಿ ಸೇರುತ್ತವೆ. ಕೊನೆಯ ಹಾಡಿನ ತುದಿಗೆ ಮೊದಲ ಹಾಡು ಮತ್ತೆ ಇಣುಕುತ್ತದೆ.

ಹೆಜ್ಜೆ 5: ಕಸುಬು ಬೇರೆ, ಇಷ್ಟ ಬೇರೆ

ಪುಟದ ಮಧ್ಯೆ ಒಂದು ಗೆರೆ ಎಳೆಯಿರಿ. ಎಡಕ್ಕೆ ‘ಹೇಗೆ ಮಾಡಿದ್ದಾರೆ’, ಬಲಕ್ಕೆ ‘ನನಗೆ ಏನಾಯಿತು’. ಎರಡೂ ಒಂದೇ ಉತ್ತರ ಕೊಡಬೇಕಾಗಿಲ್ಲ. ಮೈ ಬ್ಲಡಿ ವ್ಯಾಲೆಂಟೈನ್ ತಂಡದ 1991ರ ‘ಲವ್‌ಲೆಸ್’ಗೆ ನನ್ನ ಎಡಭಾಗ ತುಂಬಿ ತುಳುಕುತ್ತದೆ. ಗಿಟಾರ್‌ಗಳ ಪದರದ ಮೇಲೆ ಪದರ, ಅದರೊಳಗೆ ಮುಳುಗಿದ ದನಿ. ಇಂಥ ಶಬ್ದ ಬೇರೆಲ್ಲೂ ಕೇಳಿಲ್ಲ. ಬಲಭಾಗದಲ್ಲಿ ಒಂದೇ ಸಾಲು: ‘ಮೂರು ಹಾಡಾದ ಮೇಲೆ ಕಿಟಕಿ ತೆಗೆಯಬೇಕು ಅನ್ನಿಸುತ್ತೆ.’ ಎರಡೂ ನಿಜ. ಒಂದನ್ನು ಮುಚ್ಚಿಟ್ಟರೆ ಅಭಿಪ್ರಾಯ ಅರ್ಧ ಆದ ಹಾಗೆ.

ದೊಡ್ಡ ಹೆಸರಿನ ಆಲ್ಬಂ ಇಷ್ಟವಾಗದಿದ್ದರೆ ನನ್ನಲ್ಲೇ ಏನೋ ಕೊರತೆ ಅಂತ ಅಂದುಕೊಳ್ಳುವವರು ಜಾಸ್ತಿ. ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಇಷ್ಟವಾಗದ್ದನ್ನು ಎಲ್ಲಿ, ಯಾಕೆ ಅಂತ ಬರೆಯಬಲ್ಲಿರಾದರೆ ಆ ಬರಹಕ್ಕೂ ಅಷ್ಟೇ ಬೆಲೆ ಇದೆ.

ಹೆಜ್ಜೆ 6: ಒಂದೇ ಕೃತಿ, ಎರಡು ಆಲ್ಬಂ

ಕಿವಿ ಚುರುಕಾಗಬೇಕಾದರೆ ಇದಕ್ಕಿಂತ ಒಳ್ಳೆಯ ಅಭ್ಯಾಸ ನನಗೆ ಗೊತ್ತಿಲ್ಲ. ಜರ್ಮನ್ ಸಂಯೋಜಕ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ 1741ರಲ್ಲಿ ಅಚ್ಚಾದ ಕೃತಿ. ಶುರುವಿನಲ್ಲಿ ಒಂದು ಆರಿಯಾ (ಹಾಡಿನಂಥ ತುಣುಕು), ಅದರ ಮೇಲೆ 30 ಮಾರ್ಪಾಡು, ಕೊನೆಗೆ ಮತ್ತೆ ಅದೇ ಆರಿಯಾ. ಪಿಯಾನೋ ವಾದಕ ಗ್ಲೆನ್ ಗೋಲ್ಡ್ ಇದನ್ನು 1955ರಲ್ಲಿ, 22ನೇ ವಯಸ್ಸಿನಲ್ಲಿ ರೆಕಾರ್ಡ್ ಮಾಡಿದರು. 1981ರಲ್ಲಿ ಮತ್ತೊಮ್ಮೆ ಮಾಡಿದರು. ಎರಡೂ ನ್ಯೂಯಾರ್ಕ್‌ನ ಒಂದೇ ಸ್ಟುಡಿಯೋದಲ್ಲಿ. ‘ಕೈಂಡ್ ಆಫ್ ಬ್ಲೂ’ ಕೂಡ ರೆಕಾರ್ಡ್ ಆದದ್ದು ಅಲ್ಲೇ, ಮೊದಲು ಚರ್ಚ್ ಆಗಿದ್ದ ಕಟ್ಟಡ ಅದು. ಮೊದಲನೆಯದು ಸುಮಾರು 38 ನಿಮಿಷ, ಎರಡನೆಯದು ಸುಮಾರು 51. ಬರೀ ನಿಧಾನ ಆದದ್ದಲ್ಲ, ಮೊದಲ ಸಲ ಬಿಟ್ಟಿದ್ದ ಪುನರಾವರ್ತನೆಗಳಲ್ಲಿ ಕೆಲವನ್ನು ಎರಡನೇ ಸಲ ನುಡಿಸಿದ್ದಾರೆ.

ಎಲ್ಲಾ ಬೇಡ. ಮೊದಲ ಆರಿಯಾ ಮಾತ್ರ ಎರಡರಲ್ಲೂ ಕೇಳಿ. 1955ರದ್ದು ಎರಡು ನಿಮಿಷದ ಆಸುಪಾಸು, 1981ರದ್ದು ಮೂರು. ಮೊದಲನೆಯದರಲ್ಲಿ ಹುಡುಗ ಮೆಟ್ಟಿಲು ಇಳಿಯುತ್ತಿದ್ದಾನೆ, ಕೈ ಕಂಬಿಯ ಮೇಲೆ ಹಗುರವಾಗಿ ಜಾರುತ್ತಿದೆ. ಎರಡನೆಯದರಲ್ಲಿ ಅದೇ ಮೆಟ್ಟಿಲು. ಈಗ ಪ್ರತಿ ಮೆಟ್ಟಿಲ ಮೇಲೂ ನಿಂತು, ಮುಂದಿನದು ಅಲ್ಲೇ ಇದೆಯಾ ಅಂತ ನೋಡಿ ಕಾಲಿಡುತ್ತಿದ್ದಾನೆ. ಚೆನ್ನಾಗಿ ಕಿವಿಗೊಟ್ಟರೆ ಪಿಯಾನೋದ ಹಿಂದೆ ಅವರು ಗುನುಗುವುದೂ ಕೇಳುತ್ತದೆ. ಆ ಎರಡನೇ ಆಲ್ಬಂ ಹೊರಬಂದ ಸ್ವಲ್ಪ ದಿನಕ್ಕೇ, 1982ರ ಅಕ್ಟೋಬರ್‌ನಲ್ಲಿ, ಅವರು ತೀರಿಕೊಂಡರು.

ನನ್ನ ನೋಟ್‌ಬುಕ್‌ನಲ್ಲಿ ಮೊದಲು ಬರೆದದ್ದು ‘1955ರದ್ದೇ ಚೆಂದ, ಜೀವ ಇದೆ’ ಅಂತ. ಈಗ 1981ರದ್ದನ್ನು ಜಾಸ್ತಿ ಕೇಳುತ್ತೇನೆ. ನಿಮಗೆ ಯಾವುದು ಹಿಡಿಸಿದರೂ ‘ಯಾವ ಜಾಗದಲ್ಲಿ’ ಅಂತ ಬರೆಯಿರಿ. ಅಲ್ಲಿಂದ ನಿಮ್ಮ ರುಚಿ ನಿಮಗೇ ಕಾಣಲು ಶುರುವಾಗುತ್ತದೆ.

ಹೆಜ್ಜೆ 7: ಹಿನ್ನೆಲೆ ಆಮೇಲೆ ಓದಿ

ಆಲ್ಬಂ ಹಿಂದಿನ ಕಥೆ ಓದುವುದು ನನಗೂ ಇಷ್ಟ. ಆದರೆ ಮೂರು ಸಲ ಕೇಳಿದ ಮೇಲೆ. ಮುಂಚೆಯೇ ಓದಿದರೆ ಕಿವಿ ಕಥೆಯನ್ನೇ ಹುಡುಕುತ್ತಾ ಹೋಗುತ್ತದೆ.

ಪಿಯಾನೋ ವಾದಕ ಕೀತ್ ಜ್ಯಾರೆಟ್ ಅವರ ‘ಕೋಲ್ನ್ ಕಾನ್ಸರ್ಟ್’ ಕೇಳಿ ನಾನು ಬರೆದಿದ್ದೆ: ‘ಎಡಗೈ ಒಂದೇ ಸಮ ಸುತ್ತುತ್ತೆ, ಮೇಲಿನ ಸ್ವರಗಳ ಕಡೆ ಹೆಚ್ಚು ಹೋಗಲ್ಲ. ಮಧ್ಯದಲ್ಲೇ ಇದ್ದು ಮನೆ ಕಟ್ಟಿಕೊಂಡ ಹಾಗೆ.’ ಆಮೇಲೆ ಓದಿದೆ. 1975ರ ಜನವರಿ 24ರ ರಾತ್ರಿ ಅವರಿಗೆ ಸಿಕ್ಕಿದ್ದು ಅವರು ಬೇಕು ಅಂದಿದ್ದ ಪಿಯಾನೋ ಅಲ್ಲ. ಚಿಕ್ಕದು, ಸ್ಥಿತಿಯೂ ಚೆನ್ನಾಗಿರಲಿಲ್ಲ. ಮೇಲಿನ ಸ್ವರಗಳು ತೆಳು, ತಗ್ಗಿನ ಸ್ವರಗಳಿಗೆ ಬಲ ಇಲ್ಲ. ಹೆಚ್ಚುಕಡಿಮೆ ಎಲ್ಲವನ್ನೂ ಅಲ್ಲೇ ಹುಟ್ಟಿಸಿಕೊಂಡು ನುಡಿಸಿದರು. ನನ್ನ ಸಾಲಿನ ಪಕ್ಕದಲ್ಲಿ ಕಾರಣ ಬರೆದುಕೊಂಡಾಗ ಆದ ಖುಷಿ ಹೇಳಲಾರೆ. ನನ್ನ ಕಿವಿ ಒಂದು ಕೆಟ್ಟ ಪಿಯಾನೋವನ್ನು ಗುರುತಿಸಿತ್ತು. ಮೊದಲೇ ಓದಿದ್ದರೆ ಅದು ಕಿವಿಯ ಕೆಲಸ ಆಗುತ್ತಿರಲಿಲ್ಲ.

ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಅವರ 1982ರ ‘ನೆಬ್ರಾಸ್ಕಾ’ ಕೂಡ ಹೀಗೇ. ಮನೆಯಲ್ಲಿ ನಾಲ್ಕು ಟ್ರ್ಯಾಕ್‌ನ ಕ್ಯಾಸೆಟ್ ಯಂತ್ರದಲ್ಲಿ ನಮೂನೆಗೆಂದು ಹಾಡಿಟ್ಟದ್ದು. ಆ ಕ್ಯಾಸೆಟ್ ಡಬ್ಬಿಯೂ ಇಲ್ಲದೆ ಅವರ ಜೇಬಿನಲ್ಲಿ ಓಡಾಡಿಕೊಂಡಿತ್ತು. ಆಮೇಲೆ ತಂಡದ ಜೊತೆ ಸ್ಟುಡಿಯೋದಲ್ಲಿ ಮಾಡಿ ನೋಡಿದರು, ಸರಿ ಬರಲಿಲ್ಲ. ಕೊನೆಗೆ ಕ್ಯಾಸೆಟ್‌ನಲ್ಲಿದ್ದದ್ದೇ ಆಲ್ಬಂ ಆಯಿತು. ಇದು ಗೊತ್ತಿಲ್ಲದೆಯೂ ಆ ಹಾಡುಗಳಲ್ಲಿ ಒಬ್ಬನೇ ಇರುವ ಕೋಣೆ ಕೇಳುತ್ತದೆ.

ಹೆಜ್ಜೆ 8: ಬರೆಯಿರಿ

ಮೊದಲ ಸಾಲಿನಲ್ಲಿ ಒಂದು ಜಾಗ ಇರಲಿ. ‘ಅದ್ಭುತ’, ‘ಮನಮುಟ್ಟುವ’, ‘ಮಾಂತ್ರಿಕ’ ಇಂಥ ಪದಗಳನ್ನು ಯಾವ ಆಲ್ಬಂ ಮುಂದೆ ಬೇಕಾದರೂ ಅಂಟಿಸಬಹುದು. ಹಾಗಾಗಿ ಅವು ಯಾವ ಆಲ್ಬಂ ಬಗ್ಗೆಯೂ ಏನೂ ಹೇಳುವುದಿಲ್ಲ. ‘ಅವಳ ದನಿ ಅದ್ಭುತ’ ಅಂತ ಬರೆದಿದ್ದರೆ ಹೊಡೆದು ಹಾಕಿ, ‘ಎತ್ತರದ ಸ್ವರಕ್ಕೆ ಹೋಗುವ ಮುಂಚೆ ಅವಳ ಉಸಿರು ಕೇಳುತ್ತೆ’ ಅಂತ ಬರೆಯಿರಿ.

ಅಂಕ ಕೊಡಬೇಕೆನಿಸಿದರೆ ಕೊಡಿ. ನಾನು ಕೊಡುವುದು ಬಿಟ್ಟೆ. ಹತ್ತಕ್ಕೆ ಏಳು ಪಡೆದ ಮೆಟಲ್ ಆಲ್ಬಂಗೂ ಹತ್ತಕ್ಕೆ ಏಳು ಪಡೆದ ಆಂಬಿಯೆಂಟ್ ಆಲ್ಬಂಗೂ ಏನು ಸಂಬಂಧ? ಅದರ ಬದಲು ‘ಮತ್ತೆ ಯಾವಾಗ ಕೇಳುತ್ತೇನೆ’ ಅಂತ ಬರೆಯುತ್ತೇನೆ. ‘ದೂರ ಪ್ರಯಾಣದಲ್ಲಿ’, ‘ನಿದ್ದೆ ಬಾರದ ರಾತ್ರಿ’, ‘ಇನ್ನು ಸಾಕು’.

ತಾರೀಖು ಹಾಕಲು ಮರೆಯಬೇಡಿ. ಹಳೆಯ ಅಭಿಪ್ರಾಯ ತಪ್ಪು ಅನ್ನಿಸಿದರೂ ಅಳಿಸಬೇಡಿ, ಕೆಳಗೆ ಹೊಸದು ಬರೆಯಿರಿ. ಅದಕ್ಕಾಗಿ ಪ್ರತಿ ಆಲ್ಬಂಗೂ ಒಂದು ಪೂರ್ತಿ ಪುಟ ಬಿಡಿ, ಮೊದಲ ಸಲ ನಾಲ್ಕೇ ಸಾಲು ಬರೆದಿದ್ದರೂ.

ನಿಕ್ ಡ್ರೇಕ್ ಅವರ 1972ರ ‘ಪಿಂಕ್ ಮೂನ್’ ಪುಟ ಈಗ ನನ್ನ ಮುಂದಿದೆ. 28 ನಿಮಿಷದ ಆಲ್ಬಂ. ದನಿ, ಗಿಟಾರ್ ಅಷ್ಟೇ. ಮೊದಲ ಹಾಡಿನಲ್ಲಿ ಮಾತ್ರ ಒಂದು ಕಡೆ ಸ್ವಲ್ಪ ಪಿಯಾನೋ. ಮೊದಲ ಸಲ ಬರೆದದ್ದು: ‘ಎಲ್ಲಾ ಹಾಡೂ ಒಂದೇ ಥರ. ಬೇಗ ಮುಗಿಯುತ್ತೆ.’ ಒಂದು ವರ್ಷದ ಮೇಲೆ, ಬೇರೆ ಬಣ್ಣದ ಪೆನ್ನಿನಲ್ಲಿ: ‘ಒಂದೇ ಥರ ಅಲ್ಲ. ಗಿಟಾರ್‌ನ ತಂತಿಗಳನ್ನು ಬೇರೆ ಬೇರೆ ಶ್ರುತಿಗೆ ಕಟ್ಟಿದ್ದಾನೆ. ಅದಕ್ಕೇ ಬೇರೆಯವರು ನುಡಿಸಿದರೆ ಹೀಗೆ ಬರಲ್ಲ.’ ಮೂರನೆಯದು ಕಳೆದ ವಾರದ್ದು: ‘ಆ ಪಿಯಾನೋ ಬಂದು ಹೋದ ಮೇಲೆ ಇಡೀ ಆಲ್ಬಂ ಅದಕ್ಕಾಗಿ ಕಾಯುತ್ತಾ ಇದ್ದೆ. ಅದು ಮತ್ತೆ ಬರಲ್ಲ.’ ಕೆಳಗೆ ಇನ್ನೂ ಅರ್ಧ ಪುಟ ಖಾಲಿ ಇದೆ.